ಬಾಯಾರಿದ ಗಿಡದ ಮೈ ಬಿಸಿ

ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ನಸುಕಿನಲ್ಲೇ ಸೊಪ್ಪು, ತರಕಾರಿ, ಹೂವು ಬಂದಿಳಿಯುತ್ತವೆ. ಕೊಳ್ಳುವವರ ಕಣ್ಣು ಮೊದಲು ಹೋಗುವುದು ಎಲೆ ಮತ್ತು ತೊಟ್ಟಿನ ಕಡೆಗೆ. ಬದನೆಯ ತೊಟ್ಟು ಒಣಗಿದ್ದರೆ ಬೆಲೆ ಇಳಿಯುತ್ತದೆ. ಕೊತ್ತಂಬರಿ ಕಟ್ಟು ಜೋತುಬಿದ್ದರೆ ಕೇಳುವವರಿಲ್ಲ. ಬಾಡಿದ್ದನ್ನು ಗುರುತಿಸುವ ವಿಷಯದಲ್ಲಿ ನಮ್ಮ ರೈತರಿಗಾಗಲಿ ವ್ಯಾಪಾರಿಗಳಿಗಾಗಲಿ ಯಾರೂ ಪಾಠ ಹೇಳಬೇಕಿಲ್ಲ. ಆದರೆ ಹೊಲದಲ್ಲಿ ನಿಂತ ಗಿಡದ ಎಲೆ ಬಾಡುವ ಹೊತ್ತಿಗೆ ಅದರ ಕಷ್ಟ ಶುರುವಾಗಿ ಬಹಳ ಹೊತ್ತಾಗಿರುತ್ತದೆ. ಎಲೆ ಇನ್ನೂ ಹಸಿರಾಗಿ, ನೆಟ್ಟಗೆ ನಿಂತಿರುವಾಗಲೇ ಗಿಡ ತನ್ನ ಬೆಳವಣಿಗೆಗೆ ಕಡಿವಾಣ ಹಾಕಿಕೊಂಡಿರುತ್ತದೆ. ಆಗ ಕಣ್ಣಿಗೆ ಏನೂ ಕಾಣುವುದಿಲ್ಲ. ಬದಲಾಗಿರುವುದು ಒಂದೇ: ಎಲೆಯ ಉಷ್ಣತೆ ಏರಿರುತ್ತದೆ.

ಆ ಏರಿಕೆಯನ್ನು ಚಿತ್ರವಾಗಿ ತೋರಿಸುವುದು ಥರ್ಮಲ್ ಕ್ಯಾಮೆರಾ. ಸಸ್ಯಗಳ ಒಳಗಿನ ವ್ಯವಹಾರವನ್ನು ಎಲೆ ಕೀಳದೆ, ಬೇರು ಅಗೆಯದೆ ತಿಳಿಯಲು ವಿಜ್ಞಾನಿಗಳು ಇದನ್ನು ದಶಕಗಳಿಂದ ಬಳಸುತ್ತಿದ್ದಾರೆ. ಕೊಳವೆಬಾವಿಯ ಒಂದೊಂದು ಇಂಚು ನೀರಿಗೂ ಲೆಕ್ಕ ಹಾಕುವ ತುಮಕೂರಿನಂಥ ಜಿಲ್ಲೆಗೆ ಈ ವಿದ್ಯೆ ಪ್ರಯೋಗಾಲಯದಿಂದ ಹೊಲಕ್ಕೆ ಬರಬೇಕು. ಬರುವ ಮುನ್ನ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದೂ ನಮಗೆ ಸ್ಪಷ್ಟವಾಗಬೇಕು.

ಎಲೆಯಿಂದಲೇ ಶುರು ಮಾಡೋಣ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ. ಪತ್ರರಂಧ್ರ ಎಂದು ಶಾಲೆಯಲ್ಲಿ ಓದಿದ್ದೇವೆ. ಒಂದು ಚದರ ಮಿಲಿಮೀಟರ್ ಜಾಗದಲ್ಲಿ ನೂರರ ಆಸುಪಾಸಿನಿಂದ ಹಲವು ನೂರರವರೆಗೆ ಇರುತ್ತವೆ. ಪ್ರತಿ ರಂಧ್ರದ ಎರಡು ಬದಿಗೂ ಕಾವಲು ಕೋಶಗಳಿದ್ದು, ಅವು ನೀರು ತುಂಬಿ ಉಬ್ಬಿದರೆ ರಂಧ್ರ ತೆರೆಯುತ್ತದೆ, ಸೊರಗಿದರೆ ಮುಚ್ಚುತ್ತದೆ. ಗಿಡಕ್ಕೆ ಆಹಾರ ತಯಾರಿಸಲು ಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದು ಈ ರಂಧ್ರದಿಂದಲೇ. ನೀರು ಆವಿಯಾಗಿ ಹೊರಗೆ ಹೋಗುವುದೂ ಇಲ್ಲಿಂದಲೇ. ಒಂದು ಬೇಕೆಂದರೆ ಇನ್ನೊಂದನ್ನು ಕೊಡಲೇಬೇಕು. ಹಾಗಾಗಿ ಬೇರು ಹೀರಿದ ನೀರಿನಲ್ಲಿ ಶೇ. 95ಕ್ಕೂ ಹೆಚ್ಚು ಪಾಲು ಗಿಡದ ಮೈಗೆ ಸೇರದೆ ಗಾಳಿಗೆ ಹೋಗುತ್ತದೆ.

ಹಾಗೆ ಹೋಗುವ ನೀರು ವ್ಯರ್ಥವಲ್ಲ. ಮಣ್ಣಿನ ಹೂಜಿಯ ನೀರು ಬೇಸಿಗೆಯಲ್ಲೂ ತಣ್ಣಗಿರುವಂತೆ ಎಲೆಯೂ ಆವಿಯಿಂದಲೇ ತಂಪಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಶಾಖ ಬೇಕು. ಕರೆಂಟಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಯೂನಿಟ್ಟಿನ ಮೂರನೇ ಎರಡು ಭಾಗ. ಒಂದು ತೆಂಗಿನ ಮರ ದಿನಕ್ಕೆ 40 ಲೀಟರ್ ನೀರನ್ನು ಆವಿಯಾಗಿ ಬಿಡುತ್ತದೆ ಎಂದುಕೊಂಡರೆ, ಅದು ಸುಮಾರು 27 ಯೂನಿಟ್ ವಿದ್ಯುತ್ತಿನಷ್ಟು ಶಾಖವನ್ನು ತನ್ನ ಗರಿಗಳಿಂದ ಹೊರಹಾಕಿದ ಹಾಗೆ. ಸುಡುಬಿಸಿಲಿನಲ್ಲಿ ನೆಲ ಕಾದು ಕಾಲಿಡಲಾಗದಂತಿದ್ದರೂ ನೀರುಂಡ ಗಿಡದ ಎಲೆ ಗಾಳಿಗಿಂತಲೂ ತಂಪಾಗಿರಲು ಇದೇ ಕಾರಣ.

ಮಣ್ಣಿನಲ್ಲಿ ತೇವ ಕಡಿಮೆಯಾಗುತ್ತಾ ಬಂದಾಗ ಗಿಡದೊಳಗೆ ಆಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ. ಒಣಗುತ್ತಿರುವ ಬೇರಿನ ಕಡೆಯಿಂದ ಬರುವ ಸೂಚನೆಗೂ ಇದರಲ್ಲಿ ಪಾಲಿದೆ. ಅದರ ಪ್ರಭಾವಕ್ಕೆ ಕಾವಲು ಕೋಶಗಳು ಪೊಟ್ಯಾಸಿಯಂ ಅಯಾನುಗಳನ್ನು ಹೊರಬಿಡುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ, ರಂಧ್ರ ಮುಚ್ಚಿಕೊಳ್ಳುತ್ತದೆ. ನೀರು ಉಳಿಯಿತು ನಿಜ. ಆದರೆ ಆಹಾರ ತಯಾರಿಕೆಯೂ ಇಳಿಯಿತು, ತಂಪೂ ಹೋಯಿತು. ಬಿಸಿಲು ಮಾತ್ರ ಹಾಗೆಯೇ ಬೀಳುತ್ತಿರುವುದರಿಂದ ಎಲೆ ಕೆಲವೇ ನಿಮಿಷಗಳಲ್ಲಿ ಒಂದೆರಡು ಡಿಗ್ರಿಯಿಂದ ಹಿಡಿದು ನಾಲ್ಕೈದು ಡಿಗ್ರಿಯವರೆಗೆ ಬಿಸಿಯಾಗಬಹುದು. ರೈತ ಕಳೆದುಕೊಳ್ಳುವ ಇಳುವರಿಯ ಮೊದಲ ಕಂತು ಹೋಗುವುದು ಈ ಹಂತದಲ್ಲಿ, ಬಾಡುವ ಹಂತದಲ್ಲಲ್ಲ.

ಬಿಸಿಯಿರುವ ಯಾವ ವಸ್ತುವೂ ಕಣ್ಣಿಗೆ ಕಾಣದ ಕಿರಣಗಳನ್ನು ಸೂಸುತ್ತಲೇ ಇರುತ್ತದೆ. ಪಟ್ಟಕದಿಂದ ಹಾಯ್ದ ಬಿಸಿಲಿನಲ್ಲಿ ಕೆಂಪು ಬಣ್ಣದಾಚೆಗೆ ಥರ್ಮಾಮೀಟರ್ ಇಟ್ಟು, ಅಲ್ಲೂ ಶಾಖವಿದೆ ಎಂದು 1800ರಲ್ಲಿ ವಿಲಿಯಂ ಹರ್ಷೆಲ್ ಕಂಡುಕೊಂಡರು. ಅದೇ ಅವಕೆಂಪು ಕಿರಣ. ನಮ್ಮ ಕಣ್ಣು ನೋಡುವ ಬೆಳಕಿನ ತರಂಗಾಂತರ 0.4ರಿಂದ 0.7 ಮೈಕ್ರೋಮೀಟರ್, ಗಿಡ, ಮನುಷ್ಯ, ಮಣ್ಣಿನಂಥ ಸಾಧಾರಣ ಬಿಸಿಯ ವಸ್ತುಗಳು ಸೂಸುವ ಕಿರಣ ಹೆಚ್ಚಾಗಿ 10 ಮೈಕ್ರೋಮೀಟರ್ ಸುತ್ತಮುತ್ತ. ಥರ್ಮಲ್ ಕ್ಯಾಮೆರಾ ನೋಡುವುದು 8ರಿಂದ 14ರ ನಡುವಿನ ಈ ಪಟ್ಟಿಯನ್ನು. ಕೊರೊನಾ ಕಾಲದಲ್ಲಿ ಅಂಗಡಿ, ಕಚೇರಿಯ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಉಪಕರಣ ಕೆಲಸ ಮಾಡುತ್ತಿದ್ದುದೂ ಇದೇ ತತ್ತ್ವದ ಮೇಲೆ. ಅದು ಒಂದು ಜಾಗದ ಉಷ್ಣತೆ ಹೇಳುತ್ತಿತ್ತು. ಥರ್ಮಲ್ ಕ್ಯಾಮೆರಾ ಒಂದೇ ಸಲಕ್ಕೆ ಸಾವಿರಾರು ಬಿಂದುಗಳ ಉಷ್ಣತೆ ಅಳೆದು ಚಿತ್ರ ಕೊಡುತ್ತದೆ.

ಗಿಡಗಳ ಉಷ್ಣತೆಯನ್ನು ಹೀಗೆ ದೂರದಿಂದ ಅಳೆದು ನೀರಿನ ಕೊರತೆಯನ್ನು ತಿಳಿಯಬಹುದು ಎಂದು ಅಮೆರಿಕದ ಟ್ಯಾನರ್ 1963ರಲ್ಲೇ ಬರೆದಿದ್ದರು. 1981ರಲ್ಲಿ ಅರಿಜೋನಾದ ಫೀನಿಕ್ಸ್ ನಗರದ ನೀರು ಸಂರಕ್ಷಣಾ ಪ್ರಯೋಗಾಲಯದ ಇಡ್ಸೊ, ಜಾಕ್ಸನ್ ಮತ್ತು ಸಂಗಡಿಗರು ಅದನ್ನೊಂದು ಸೂಚ್ಯಂಕವಾಗಿ ರೂಪಿಸಿದರು. ಸೊನ್ನೆ ಬಂದರೆ ಬೆಳೆಗೆ ನೀರು ಸಾಕಷ್ಟಿದೆ, ಒಂದು ಬಂದರೆ ರಂಧ್ರಗಳು ಪೂರ್ತಿ ಮುಚ್ಚಿವೆ ಎಂದರ್ಥ. 2002ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಸಾಸಿವೆಯ ಬಂಧುವಾದ ಅರಾಬಿಡಾಪ್ಸಿಸ್ ಸಸಿಗಳನ್ನು ನೀರಿಲ್ಲದೆ ಇಟ್ಟು ಥರ್ಮಲ್ ಕ್ಯಾಮೆರಾದಲ್ಲಿ ನೋಡಿದರು. ಎಲ್ಲವೂ ಬಿಸಿಯಾಗಿದ್ದಾಗ ಕೆಲವು ಮಾತ್ರ ತಂಪಾಗಿ ಉಳಿದಿದ್ದವು. ಬರ ಬಂದರೂ ರಂಧ್ರ ಮುಚ್ಚಲು ಬಾರದ ಸಸಿಗಳು ಅವು. ಅವುಗಳಲ್ಲಿ ಕೆಟ್ಟಿದ್ದ ಒಂದು ಜೀನಿಗೆ ಓಎಸ್‌ಟಿ1 ಎಂದು ಹೆಸರಾಯಿತು. ರಂಧ್ರ ಮುಚ್ಚಲು ಗಿಡದೊಳಗೆ ನಡೆಯುವ ಸಂದೇಶ ರವಾನೆಯ ಮುಖ್ಯ ಕೊಂಡಿಯೊಂದು ಹೀಗೆ ಸಿಕ್ಕಿತು. ಸಾವಿರಾರು ಸಸಿಗಳ ನಡುವೆ ಅದನ್ನು ಹುಡುಕುವುದು ಬರಿಗಣ್ಣಿಗೆ ಸಾಧ್ಯವಿರಲಿಲ್ಲ.

ಹೊಲದಲ್ಲಿ ಇದನ್ನು ಹೇಗೆ ಮಾಡುತ್ತಾರೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಡಿಮೆ ಬೆಲೆಯ ಥರ್ಮಲ್ ಕ್ಯಾಮೆರಾ ತೋರಿಸುವ ಅಂಕಿ ಎರಡು ಡಿಗ್ರಿ ಹೆಚ್ಚುಕಡಿಮೆ ಆಗಬಹುದು. ಆದರೆ ಒಂದೇ ಚಿತ್ರದೊಳಗಿನ ಎರಡು ಎಲೆಗಳ ನಡುವಿನ ವ್ಯತ್ಯಾಸವನ್ನು ಅದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಸೂಕ್ಷ್ಮವಾಗಿ ಹಿಡಿಯುತ್ತದೆ. ಆದ್ದರಿಂದ ಬಲ್ಲವರು ಅಂಕಿಯನ್ನು ನಂಬುವುದಿಲ್ಲ, ಹೋಲಿಕೆಯನ್ನು ನಂಬುತ್ತಾರೆ. ಮಧ್ಯಾಹ್ನ 12ರಿಂದ 2ರ ನಡುವೆ, ಬಿಸಿಲು ನಿಚ್ಚಳವಾಗಿರುವಾಗ, ಬದನೆಯ ಸಾಲಿನಲ್ಲಿ ಒಂದೇ ಎತ್ತರದ, ಒಂದೇ ವಯಸ್ಸಿನ ಮೂರು ಎಲೆ ಆರಿಸುತ್ತಾರೆ. ಒಂದರ ಎರಡೂ ಬದಿಗೆ ತೆಳುವಾಗಿ ವ್ಯಾಸಲೀನ್ ಸವರುತ್ತಾರೆ. ಅದರ ರಂಧ್ರಗಳೆಲ್ಲ ಕಟ್ಟಿ ಹೋಗಿ, ಆ ಹೊತ್ತಿನಲ್ಲಿ ಎಲೆ ಬಿಸಿಯಾಗಬಹುದಾದಷ್ಟೂ ಬಿಸಿಯಾಗುತ್ತದೆ. ಇನ್ನೊಂದರ ಎರಡೂ ಬದಿಗೆ ನೀರು ಸಿಂಪಡಿಸುತ್ತಾರೆ. ಅದು ತಂಪಾಗಬಹುದಾದಷ್ಟೂ ತಂಪಾಗುತ್ತದೆ. ಮೂರನೆಯದನ್ನು ಮುಟ್ಟುವುದಿಲ್ಲ. ನೀರು ಒಣಗುವ ಮೊದಲು ಮೂರನ್ನೂ ಒಂದೇ ಚಿತ್ರದಲ್ಲಿ ಹಿಡಿಯುತ್ತಾರೆ.

ವ್ಯಾಸಲೀನ್ ಎಲೆ 38 ಡಿಗ್ರಿ, ಒದ್ದೆ ಎಲೆ 29 ಡಿಗ್ರಿ ಇದೆಯೆಂದು ಇಟ್ಟುಕೊಳ್ಳಿ. ಮುಟ್ಟದೆ ಬಿಟ್ಟ ಎಲೆ 31 ಇದ್ದರೆ, ಅದು ಒದ್ದೆ ಎಲೆಗಿಂತ ಎರಡೇ ಡಿಗ್ರಿ ಹೆಚ್ಚು. ಒಟ್ಟು ಅಂತರ ಒಂಬತ್ತು. ಎರಡನ್ನು ಒಂಬತ್ತರಿಂದ ಭಾಗಿಸಿದರೆ 0.22, ಗಿಡ ಆರಾಮಾಗಿದೆ. ಅದೇ ಎಲೆ 36 ಇದ್ದರೆ ಏಳನ್ನು ಒಂಬತ್ತರಿಂದ ಭಾಗಿಸಬೇಕು, 0.78 ಬರುತ್ತದೆ. ನೋಡಲು ಎಲೆ ಹಸಿರಾಗಿಯೇ ಇರಬಹುದು, ಗಿಡ ಮಾತ್ರ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿದೆ. ಎಸ್ಸೆಸ್ಸೆಲ್ಸಿ ಓದುವ ಮಗುವೂ ಮಾಡಬಹುದಾದ ಲೆಕ್ಕವಿದು.

ಇಲ್ಲಿಗೇ ನಿಂತರೆ ಅಪಾಯ. ಎಲೆ ಬಿಸಿಯಾದರೆ ನೀರು ಬಿಡು ಎಂದು ನೇರವಾಗಿ ಹೇಳುವಂತಿಲ್ಲ. ಕ್ಯಾಮೆರಾ ಹೇಳುವುದು ರಂಧ್ರ ಮುಚ್ಚಿದೆ ಎಂದಷ್ಟೇ. ಏಕೆ ಮುಚ್ಚಿದೆ ಎಂಬುದಕ್ಕೆ ಉತ್ತರ ಮಣ್ಣಿನಲ್ಲಿ, ಬೇರಿನಲ್ಲಿ ಹುಡುಕಬೇಕು. ನೀರು ನಿಂತು ಬೇರಿಗೆ ಗಾಳಿಯಾಡದೆ ಹೋದರೂ ಗಿಡ ರಂಧ್ರ ಮುಚ್ಚುತ್ತದೆ, ಎಲೆ ಬಿಸಿಯಾಗುತ್ತದೆ. ಟೊಮೆಟೊಗೆ ಸೊರಗು ರೋಗ ಬಂದು ಕಾಂಡದ ನೀರಿನ ನಾಳಗಳು ಕಟ್ಟಿಕೊಂಡರೂ ಎಲೆ ಬಿಸಿಯಾಗುತ್ತದೆ. ಈ ಎರಡು ಸಂದರ್ಭದಲ್ಲೂ ಇನ್ನಷ್ಟು ನೀರು ಬಿಟ್ಟರೆ ಬೆಳೆಯನ್ನು ನಾವೇ ಕೈಯಾರೆ ಹಾಳುಮಾಡಿದ ಹಾಗಾಗುತ್ತದೆ. ಬಿಸಿ ಎಲೆ ಕಂಡ ತಕ್ಷಣ ಮೊದಲು ಮಾಡಬೇಕಾದ ಕೆಲಸ ಗಿಡದ ಬುಡದಲ್ಲಿ ಗೇಣುದ್ದ ಅಗೆದು ಮಣ್ಣನ್ನು ಅಂಗೈಯಲ್ಲಿ ಹಿಡಿದು ನೋಡುವುದು. ಹದವಿದ್ದೂ ಎಲೆ ಬಿಸಿಯಿದ್ದರೆ ತೊಂದರೆ ನೀರಿನದಲ್ಲ.

ರೋಗದ ವಿಚಾರದಲ್ಲಿ ಈ ಗುಣ ವರವೂ ಆಗಿದೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊಸಾಯಿಕ್ ವೈರಸ್ಸನ್ನು ತಡೆದುಕೊಳ್ಳಬಲ್ಲ ತಂಬಾಕಿನ ಎಲೆಯ ಮೇಲೆ ಕಣ್ಣಿಗೆ ಕಲೆ ಕಾಣುವ ಸುಮಾರು 8 ಗಂಟೆ ಮೊದಲೇ ಆ ಜಾಗ ಬಿಸಿಯಾಗಿದ್ದು ಚಿತ್ರದಲ್ಲಿ ಕಂಡಿತ್ತು. ಏರಿಕೆ ಅರ್ಧ ಡಿಗ್ರಿಗಿಂತಲೂ ಕಡಿಮೆ. ಇನ್ನು ಕೆರೆಗಳ ತಾವರೆಯ ಕಥೆಯೇ ಬೇರೆ. ಅದರ ಹೂವು ತಾನೇ ಶಾಖ ಉತ್ಪಾದಿಸಿ, ಹೊರಗಿನ ಗಾಳಿ 10 ಡಿಗ್ರಿಗೆ ಇಳಿದರೂ ತನ್ನೊಳಗೆ 30ಕ್ಕೂ ಹೆಚ್ಚು ಡಿಗ್ರಿ ಕಾಯ್ದುಕೊಳ್ಳುತ್ತದೆ ಎಂದು ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನ 1996ರಲ್ಲಿ ತೋರಿಸಿತು. ಗಿಡದ ಮೈಬಿಸಿಗೆ ಕಾರಣ ಒಂದೇ ಅಲ್ಲ. ಪ್ರತಿ ಬೆಳೆಯ ಸ್ವಭಾವ ತಿಳಿದವರಿಗಷ್ಟೇ ಈ ಚಿತ್ರ ಓದಲು ಬರುತ್ತದೆ.

ತಂಪು ಎಂದರೆ ಒಳ್ಳೆಯದು ಎಂಬುದೂ ಎಲ್ಲ ಕಡೆ ನಿಜವಲ್ಲ. ತಂಪಾಗಿರುವ ಗಿಡ ನೀರನ್ನು ಖರ್ಚು ಮಾಡುತ್ತಿದೆ. ಆಳದಲ್ಲಿ ತೇವವಿದ್ದು, ಬೇರು ಅಲ್ಲಿಗೆ ಇಳಿದಿದ್ದರೆ ಆ ಖರ್ಚು ಲಾಭ. ಗೋಧಿಯಲ್ಲಿ ಮೆಕ್ಸಿಕೋದ ಸಿಮಿಟ್ ಸಂಸ್ಥೆ ತಂಪಾಗಿ ಉಳಿಯುವ ಸಾಲುಗಳನ್ನೇ ತಳಿ ಆಯ್ಕೆಗೆ ಬಳಸಿದ್ದುಂಟು. ಅಗೆಯದೆಯೇ ಬೇರಿನ ಆಳವನ್ನು ಊಹಿಸಲು ಎಲೆಯ ತಂಪು ನೆರವಾಗುತ್ತದೆ. ಆದರೆ ಗುಬ್ಬಿ, ಕುಣಿಗಲ್ ಕಡೆಯ ಮಳೆಯಾಶ್ರಿತ ಕೆಂಪು ಭೂಮಿಯಲ್ಲಿ ಮೇಲಿನ ತೇವವನ್ನು ಒಂದೇ ವಾರದಲ್ಲಿ ಖರ್ಚು ಮಾಡಿಬಿಟ್ಟ ಗಿಡ ಮುಂದಿನ ಮಳೆಯವರೆಗೆ ಉಳಿಯುವುದು ಕಷ್ಟ. ರಾಗಿ ನಮ್ಮ ಸೀಮೆಗೆ ಒಗ್ಗಿರುವುದು ಅದರ ಎಚ್ಚರದ ಗುಣದಿಂದ. ಅದು ಸಿ4 ಗುಂಪಿನ ಬೆಳೆ. ಅಷ್ಟೇ ನೀರಿಗೆ ಟೊಮೆಟೊ, ಬದನೆಯಂಥ ಸಿ3 ಗಿಡಗಳಿಗಿಂತ ಹೆಚ್ಚು ಬೆಳೆಯುತ್ತದೆ. ಮಳೆ ಕೈಕೊಟ್ಟಾಗ ಎಲೆ ಸುರುಳಿ ಸುತ್ತಿಕೊಂಡು, ಬಿಸಿ ತಡೆದುಕೊಂಡು ಕಾಯುತ್ತದೆ. ಒಂದು ಹದ ಮಳೆ ಬಿದ್ದರೆ ಮತ್ತೆ ಚಿಗುರಿಕೊಳ್ಳುತ್ತದೆ. ಥರ್ಮಲ್ ಚಿತ್ರದಲ್ಲಿ ಬಿಸಿಯಾಗಿ ಕಾಣುವ ರಾಗಿ ಸೋತ ರಾಗಿಯಲ್ಲ.

ಈ ಲೆಕ್ಕಾಚಾರದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಜಿಕೆವಿಕೆಯಲ್ಲಿರುವ ಕೃಷಿ ವಿಶ್ವವಿದ್ಯಾಲಯದ ಬೆಳೆ ಶರೀರಕ್ರಿಯಾ ವಿಭಾಗ ಒಂದು ಹನಿ ನೀರಿಗೆ ಎಷ್ಟು ಬೆಳೆ ಎಂಬ ಪ್ರಶ್ನೆಯನ್ನು ದಶಕಗಳಿಂದ ಬೆನ್ನುಹತ್ತಿದೆ. ಪ್ರೊ. ಎಂ. ಉದಯಕುಮಾರ್, ಪ್ರೊ. ಎಂ.ಎಸ್. ಶೇಷಶಾಯಿ ಮೊದಲಾದವರು ಶೇಂಗಾ, ಭತ್ತದಂಥ ಬೆಳೆಗಳಲ್ಲಿ ಇಂಗಾಲದ ಐಸೊಟೋಪುಗಳನ್ನು ಅಳೆದು ನೀರಿನ ಮಿತವ್ಯಯದ ತಳಿ ಗುರುತಿಸುವ ಕೆಲಸ ಮಾಡಿದ್ದಾರೆ. ಕುಂಡದಲ್ಲಿನ ಗಿಡವನ್ನು ತೂಗುತ್ತಾ ಅದು ಕುಡಿದ ನೀರನ್ನು ಲೆಕ್ಕ ಹಾಕುವ ವ್ಯವಸ್ಥೆಯೂ ಅಲ್ಲಿದೆ. ಅದೇ ವಿಶ್ವವಿದ್ಯಾಲಯದಲ್ಲಿ ಡಾ. ಶೈಲಜಾ ಹಿತ್ತಲಮನಿ ಅವರು ರೂಪಿಸಿದ ಎಂಎಎಸ್ 946-1 ಎಂಬ ಏರೋಬಿಕ್ ಭತ್ತ, ಗದ್ದೆಯಲ್ಲಿ ನೀರು ನಿಲ್ಲಿಸದೆಯೂ ಬೆಳೆಯಬಲ್ಲ ತಳಿಯಾಗಿ 2007ರಲ್ಲಿ ಬಿಡುಗಡೆಯಾಯಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಟೊಮೆಟೊ ಗಿಡಗಳನ್ನು ಕೀಳದೆ ಚಿತ್ರಗಳಿಂದಲೇ ಅಳೆಯುವ ಫೀನೋಮಿಕ್ಸ್ ವ್ಯವಸ್ಥೆಯಿದೆ. ದೆಹಲಿಯ ಪೂಸಾದಲ್ಲಿ 2017ರಲ್ಲಿ ಉದ್ಘಾಟನೆಯಾದ ನಾನಾಜಿ ದೇಶಮುಖ್ ಸಸ್ಯ ಫೀನೋಮಿಕ್ಸ್ ಕೇಂದ್ರದಲ್ಲಿ ಗಿಡಗಳು ಸಾಗಣೆ ಪಟ್ಟಿಯ ಮೇಲೆ ಒಂದೊಂದಾಗಿ ಸಾಗಿ ಥರ್ಮಲ್ ಕ್ಯಾಮೆರಾದ ಮುಂದೆ ನಿಲ್ಲುತ್ತವೆ.

ಇಷ್ಟೆಲ್ಲ ಇದ್ದರೂ ಹೊಲದಲ್ಲಿ ನೀರು ಕಟ್ಟುವ ಹೊತ್ತನ್ನು ಈಗಲೂ ನಿರ್ಧರಿಸುವುದು ಕರೆಂಟು. ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಎಂಬುದು ಸರ್ಕಾರದ ನೀತಿ. ಅದು ಪಾಳಿಯ ಮೇಲೆ, ಹಗಲೋ ರಾತ್ರಿಯೋ ಬರುತ್ತದೆ. ಬಂದಾಗ ಮೋಟಾರು ಓಡಲೇಬೇಕು, ಮತ್ತೆ ಯಾವಾಗ ಬರುತ್ತದೋ ಎಂಬ ಭಯ. ಬೇಕಿಲ್ಲದಿದ್ದರೂ ನೀರು ಹರಿಯುವುದು, ಬೇಕಾದಾಗ ಸಿಗದಿರುವುದು, ಎರಡೂ ನಡೆಯುತ್ತವೆ. ಹೇಮಾವತಿಯ ನೀರು ಯಾವ ತಾಲ್ಲೂಕಿಗೆ ಎಷ್ಟು ಎಂಬ ಮಾತು ಗುಬ್ಬಿ, ಕುಣಿಗಲ್‌ನಲ್ಲಿ ಪ್ರತಿ ಬಾರಿ ಕಾವೇರುತ್ತದೆ. ಬಂದ ನೀರನ್ನು ಬೆಳೆ ಎಷ್ಟು ಕೇಳುತ್ತಿದೆ ಎಂಬ ಮಾತು ಅದರ ಹತ್ತನೇ ಒಂದು ಪಾಲೂ ಕೇಳಿಬರುವುದಿಲ್ಲ. ಇದು ರೈತನ ತಪ್ಪಲ್ಲ. ಗಿಡದ ಅಗತ್ಯವನ್ನು ತೋರಿಸುವ ಸಾಧನವನ್ನು ನಾವು ಅವನ ಕೈಗೆ ಕೊಟ್ಟಿಲ್ಲ.

ಕಟಾವಿನ ನಂತರವೂ ಈ ವಿದ್ಯೆಗೆ ಕೆಲಸವಿದೆ. ಗಿಡದಿಂದ ಬೇರೆಯಾದ ಮೇಲೂ ತರಕಾರಿ ಜೀವಂತವಾಗಿಯೇ ಇರುತ್ತದೆ, ಉಸಿರಾಡುತ್ತದೆ, ಉಸಿರಾಟದಿಂದ ಶಾಖ ಹುಟ್ಟುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಉಸಿರಾಟ ಎರಡು ಮೂರು ಪಟ್ಟಾಗುತ್ತದೆ. ಅಷ್ಟೇ ಬೇಗ ಬಾಳಿಕೆ ಇಳಿಯುತ್ತದೆ. ಬಿಗಿಯಾಗಿ ತುಂಬಿದ ಬೀನ್ಸ್ ಮೂಟೆಯನ್ನು ಬಿಚ್ಚಿ ನಡುವೆ ಕೈ ಹಾಕಿದವರಿಗೆ ಆ ಬಿಸಿ ಗೊತ್ತು. ಟೊಮೆಟೊ ಹಣ್ಣಿನ ಸಿಪ್ಪೆಯಲ್ಲಿ ಪತ್ರರಂಧ್ರಗಳೇ ಇಲ್ಲ. ತೊಟ್ಟು ಕಳಚಿದ ಜಾಗದಿಂದಷ್ಟೇ ಹೆಚ್ಚಾಗಿ ಗಾಳಿ, ತೇವ ಓಡಾಡುತ್ತವೆ. ಹಾಗಾಗಿ ಬಿಸಿಲಿಗೆ ಇಟ್ಟ ಟೊಮೆಟೊ ತನ್ನನ್ನು ತಾನು ತಂಪು ಮಾಡಿಕೊಳ್ಳಲಾರದೆ ಕಾಯುತ್ತಲೇ ಹೋಗುತ್ತದೆ. ಅಂತರಸನಹಳ್ಳಿಯಂಥ ಮಾರುಕಟ್ಟೆಯಲ್ಲಿ ಹೊತ್ತೇರಿದ ಮೇಲೆ ನೆರಳಿನ ಕ್ರೇಟಿಗೂ ಬಿಸಿಲಿನ ಕ್ರೇಟಿಗೂ ಇರುವ ಅಂತರವನ್ನು ಒಂದು ಥರ್ಮಲ್ ಚಿತ್ರ ಎಲ್ಲರ ಕಣ್ಣಿಗೆ ಕಟ್ಟುವಂತೆ ತೋರಿಸಬಲ್ಲದು. ಮಾರುಕಟ್ಟೆಗೆ ಇನ್ನಷ್ಟು ನೆರಳು ಬೇಕು ಎಂದು ಕೇಳಲು ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಕ್ಯಾಮೆರಾ ಕೊಳ್ಳುವ ಮುನ್ನ ಕೆಲವು ಎಚ್ಚರಿಕೆ. ಚಿತ್ರದಲ್ಲಿ ಕಾಣುವ ಕೆಂಪು, ನೀಲಿ ಗಿಡದ ಬಣ್ಣವಲ್ಲ, ಯಂತ್ರ ಹಚ್ಚಿದ ಬಣ್ಣ. ಚೌಕಟ್ಟಿನೊಳಗೆ ಅತಿ ಬಿಸಿಯಾದದ್ದಕ್ಕೆ ಅದು ಕೆಂಪು ಹಚ್ಚುತ್ತದೆ. ಹಾಗಾಗಿ ಇವತ್ತು ಕೆಂಪಾಗಿ ಕಂಡ ಅದೇ ಗಿಡ ನಾಳೆ ನೀಲಿಯಾಗಿ ಕಾಣಬಹುದು. ಪಕ್ಕದ ಅಳತೆಪಟ್ಟಿ ನೋಡದೆ ಬಣ್ಣ ನೋಡಿ ತೀರ್ಮಾನಿಸಬಾರದು. ಮೋಡ ಹಾಯ್ದರೆ, ಗಾಳಿ ಬೀಸಿದರೆ ಎಲೆಯ ಉಷ್ಣತೆ ಕ್ಷಣದಲ್ಲಿ ಬದಲಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿರುವ ಮಳೆಗಾಲದಲ್ಲಿ ಬಾಯಾರಿದ ಗಿಡಕ್ಕೂ ನೀರುಂಡ ಗಿಡಕ್ಕೂ ವ್ಯತ್ಯಾಸವೇ ಹೆಚ್ಚು ಕಾಣುವುದಿಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಒಣ ಹವೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಂದರೆ ಮುಂಗಾರಿನ ರಾಗಿಗಿಂತ ಬೇಸಿಗೆ ತರಕಾರಿಗೆ ಇದು ಮೊದಲು ಒದಗುತ್ತದೆ. ಕಿರಿದಾದ ಎಲೆಗಳು ಗಾಳಿಯ ಉಷ್ಣತೆಗೇ ಹತ್ತಿರ ಇರುವುದರಿಂದ ತೆಂಗು, ರಾಗಿಗಳಲ್ಲಿ ಅಳತೆ ನಾಜೂಕು. ಬದನೆ, ಕುಂಬಳ, ಬಾಳೆಯಂಥ ಅಗಲ ಎಲೆಗಳಲ್ಲಿ ಸುಲಭ. ಎಲೆಗಳ ಸಂದಿನಲ್ಲಿ ಕಾದ ಮಣ್ಣು ಕಂಡರೆ ಅದೂ ಲೆಕ್ಕಕ್ಕೆ ಸೇರಿ ದಾರಿ ತಪ್ಪಿಸುತ್ತದೆ.

ದುಬಾರಿ ಕ್ಯಾಮೆರಾ ಇಲ್ಲದವರೂ ಶುರು ಮಾಡಬಹುದು. ಒಂದೆರಡು ಸಾವಿರ ರೂಪಾಯಿಗೆ ಅವಕೆಂಪು ಥರ್ಮಾಮೀಟರ್ ಗನ್ ಸಿಗುತ್ತದೆ. ಹಣೆಗೆ ಹಿಡಿಯುವುದು ಮೈಬಿಸಿಗಷ್ಟೇ ಹೊಂದಿಸಿದ್ದು. ಕೈಗಾರಿಕೆಗೆ ಬಳಸುವುದನ್ನು ಕೇಳಬೇಕು. ಹೆಚ್ಚಿನವು 12 ಅಡಿ ದೂರದಿಂದ ಒಂದಡಿ ಅಗಲದ ವೃತ್ತವನ್ನು ನೋಡುತ್ತವೆ. ಒಂದಡಿ ಹತ್ತಿರ ಹಿಡಿದರೆ ಒಂದಿಂಚಿನ ವೃತ್ತ, ಅಷ್ಟಾದರೆ ಎಲೆಯೊಳಗೇ ನಿಲ್ಲುತ್ತದೆ. ತೋಟದ ಒಂದು ಮೂಲೆಯಲ್ಲಿ ನಾಲ್ಕು ಗಿಡಗಳಿಗೆ ಎಂದೂ ನೀರು ಕಡಿಮೆಯಾಗದಂತೆ ನೋಡಿಕೊಂಡು, ನಡುಮಧ್ಯಾಹ್ನ ಅವುಗಳ ಎಲೆಯನ್ನೂ ಉಳಿದ ಸಾಲಿನ ಎಲೆಯನ್ನೂ ಅಳೆದು ಹೋಲಿಸಬೇಕು. ಅಂತರ ದಿನದಿಂದ ದಿನಕ್ಕೆ ಬೆಳೆಯುತ್ತಿದ್ದರೆ ನೀರಿನ ಸರದಿ ಹತ್ತಿರ ಬಂತು. ಅಂತರವೇ ಇಲ್ಲದಿದ್ದರೆ ಇನ್ನೂ ತಡೆಯಬಹುದು.

ಎಷ್ಟು ಡಿಗ್ರಿ ಅಂತರಕ್ಕೆ ನೀರು ಕೊಡಬೇಕು ಎಂಬುದನ್ನು ಮಾತ್ರ ಅರಿಜೋನಾದಿಂದ ಎರವಲು ತರಲಾಗದು. ಅದನ್ನು ತುಮಕೂರಿನ ಬಿಸಿಲಿನಲ್ಲಿ, ತುಮಕೂರಿನ ಮಣ್ಣಿನಲ್ಲಿ, ಇಲ್ಲಿ ಬೆಳೆಯುವ ತಳಿಗಳ ಮೇಲೆಯೇ ಅಳೆದು ನಿಗದಿ ಮಾಡಬೇಕು. ಅದಕ್ಕೆ ಬೇಕಾದ ನೆಲೆ ನಮ್ಮಲ್ಲೇ ಇದೆ. ಹಿರೇಹಳ್ಳಿಯಲ್ಲಿ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ತಿಪಟೂರಿನ ಕೊನೇಹಳ್ಳಿಯಲ್ಲಿ ಇನ್ನೊಂದು ಕೃಷಿ ವಿಜ್ಞಾನ ಕೇಂದ್ರವಿದೆ. ಬದನೆಗೆ ಇಷ್ಟು, ಟೊಮೆಟೊಗೆ ಇಷ್ಟು, ಬಾಳೆಗೆ ಇಷ್ಟು ಎಂದು ಒಂದು ಪುಟದ ಕನ್ನಡ ಪಟ್ಟಿ ಅಲ್ಲಿಂದ ಹೊರಬಂದರೆ ಸಾಕು. ಕ್ಯಾಮೆರಾವನ್ನು ರೈತ ಉತ್ಪಾದಕ ಸಂಘಗಳು ಹಂಚಿಕೊಂಡು ಬಳಸಬಹುದು. ಇವತ್ತು ಕರೆಂಟು ಬಂದಿದೆ, ಆದರೂ ನನ್ನ ಬೆಳೆಗೆ ಇನ್ನೆರಡು ದಿನ ನೀರು ಬೇಡ ಎಂದು ಹೇಳಿ ಮೋಟಾರು ಹಾಕದೆ ಇರುವ ಧೈರ್ಯ ಒಬ್ಬ ರೈತನಿಗೆ ಬಂದರೆ, ಇಷ್ಟು ವರ್ಷಗಳ ಸಸ್ಯ ವಿಜ್ಞಾನ ತಲುಪಬೇಕಾದವರನ್ನು ತಲುಪಿದ ಹಾಗೆ.